ದೊರೆಗೊಬ್ಬ ನೀರಿನಾಳು

ಏ, ಗೋಡೆ ನೆರಳಲ್ಲಿ ಕೂತೋರೆ, ಈ ಕಡೆ ಸ್ವಲ್ಪ ಸರೀರಿ. ಅಕ್ಕಾ, ಬೀಸೋದು ಒಂದು ಗಳಿಗೆ ನಿಲ್ಸು, ಕಲ್ಲಿನ ಸದ್ದಲ್ಲಿ ನನ್ನ ಮಾತೂ ಹಿಟ್ಟಾಗಿ ಹೋಗುತ್ತೆ. ನೀರಿನ ಪೆಂದುವಾ ಗೊತ್ತಲ್ಲ ನಿಮಗೆ? ಸುಮ್ನೆ ತಲೆ ಆಡಿಸ್ಬೇಡಿ. ನಿಮಗೆ ಗೊತ್ತಿರೋದು ಅವನ ಕತ್ತೆ. ಅವನ ಕತೆ ನಾನು ಹೇಳ್ತೀನಿ, ಕೇಳಿ.

ಪೆಂದುವಾ ನಮ್ಮ ಊರಗೋಡೆಯ ಒಳಗಿನವನಲ್ಲ. ಒಳಗಿರುವವರು ದೊರೆಗಳಿಗಾಗಿ ಬೆಟ್ಟದ ಹೊಟ್ಟೆಯಲ್ಲಿ ಸಮಾಧಿ ಕೊರೆಯುವವರು. ಕಲ್ಲು ಕಡಿಯುತ್ತಾರೆ, ಗಾರೆ ಮೆತ್ತುತ್ತಾರೆ, ಗೋಡೆಯ ಮೇಲೆ ದೇವರ ಮಾತು ಬರೆಯುತ್ತಾರೆ. ಇಷ್ಟೆಲ್ಲ ಬಲ್ಲವರಿಗೆ ಊರಿಗೊಂದು ಬಾವಿ ತೋಡಲು ಮಾತ್ರ ಆಗಿಲ್ಲ. ತೋಡಿದಷ್ಟೂ ಬಂಡೆ. ಹಾಗಾಗಿ ನಾವು ಕುಡಿಯುವ ಒಂದೊಂದು ಗುಟುಕೂ ನದಿಯಿಂದ ಹೊರಟು, ಹೊಲ ದಾಟಿ, ಮರಳು ದಾಟಿ, ಕತ್ತೆಯ ಬೆನ್ನೇರಿ ಗುಡ್ಡ ಹತ್ತಬೇಕು. ಹತ್ತಿಸುವವನು ಪೆಂದುವಾ. ಕತ್ತೆ ಹೋಗಲಾರದ ಕಡಿದಾದ ಜಾಗ ಬಂದರೆ ಹೆಗಲ ಮೇಲೆ ಅಡ್ಡೆ ಇಟ್ಟು, ಎರಡು ಕಡೆ ಎರಡು ಕೊಡ ತೂಗುಹಾಕಿಕೊಂಡು ತಾನೇ ಹತ್ತುತ್ತಾನೆ. ಅವನ ಬಲಹೆಗಲಲ್ಲಿ ಒಂದು ಗುಳಿ ಬಿದ್ದಿದೆ. ಮೊಟ್ಟೆ ಇಟ್ಟರೆ ಉರುಳುವುದಿಲ್ಲ.

ಅವನಿಗೆ ಈ ಕೆಲಸ ಸಿಕ್ಕಿದ್ದು ದೊರೆಯ ಬಾಯಿಂದ. ನಗಬೇಡಿ. ನಿಜ.

ಪೆಂದುವಾನಿಗೆ ಆಗ ಮೀಸೆ ಚಿಗುರುವ ವಯಸ್ಸು. ಅಪ್ಪ ಇರಲಿಲ್ಲ, ಅವ್ವನಿಗೆ ಕಣ್ಣು ಮಂಜಾಗಿತ್ತು. ಆ ವರ್ಷ ದೊಡ್ಡ ಕಾಲುವೆಯಲ್ಲಿ ಹೂಳು ತುಂಬಿಕೊಂಡಿತು. ಬಿಟ್ಟಿ ಕೆಲಸಕ್ಕೆ ಊರೂರಿನಿಂದ ಹೆಸರು ಕೂಗಿ ಗಂಡಸರನ್ನು ಎಳೆದುಕೊಂಡು ಹೋದರು. ಕೂಗಿದಾಗ 'ಇಗೋ ಬಂದೆ' ಎನ್ನಬೇಕು. ಅನ್ನದಿದ್ದರೆ ಬೆನ್ನಿಗೆ ಕೋಲು. ಪೆಂದುವಾನೂ 'ಇಗೋ ಬಂದೆ' ಎಂದ. ಅವನ ಅವ್ವ ಸುಮ್ಮನೆ ಮನೆಯಲ್ಲಿ ಕೂರುವ ಹೆಂಗಸಲ್ಲ. ಸಾಲಿನ ಹಿಂದೆ ದಡದುದ್ದಕ್ಕೂ ತಡವರಿಸುತ್ತ ಹೊರಟಳು, ಮಗನ ಹೆಸರು ಹಿಡಿದು ಕೂಗುತ್ತಲೇ ಹೊರಟಳು. ದಡದಲ್ಲಿ ದೊರೆಯ ದೋಣಿ ಕಟ್ಟಿತ್ತು. ಆಗಷ್ಟೇ ಪಟ್ಟಕ್ಕೆ ಬಂದಿದ್ದ ದೊರೆ ಒಳಗೆ ಮಲಗಿದ್ದ. ಪರದೆಯ ಹಿಂದಿನಿಂದ ಮಾತು ಬಂತು: ಆ ಹೆಂಗಸಿನ ಮಗನನ್ನು ಬಿಡಿ, ನನ್ನ ಸಮಾಧಿಯ ಕೆಲಸದವರಿಗೆ ನೀರು ಹೊರಲಿ. ಅಷ್ಟೇ. ಪೆಂದುವಾನಿಗೆ ಕಂಡದ್ದು ಪರದೆಯ ಅಂಚಿನಲ್ಲಿ ಒಂದು ಕಾಲು, ಕಾಲಲ್ಲಿ ಬಿಳಿ ಮೆಟ್ಟು. ಮುಖ ಕಾಣಲೇ ಇಲ್ಲ.

ಆ ಸಾಲಿನಲ್ಲಿ ಹೋದವರಲ್ಲಿ ಅರ್ಧಕ್ಕರ್ಧ ಜನ ಕಾಲುವೆಯ ಜ್ವರಕ್ಕೆ ಸಿಕ್ಕಿ ವಾಪಸ್ಸು ಬರಲಿಲ್ಲ. ಪಕ್ಕದ ಮನೆಯ ಇಬ್ಬರು ಅಣ್ಣತಮ್ಮಂದಿರೂ ಬರಲಿಲ್ಲ. ಪೆಂದುವಾ ಬದುಕಿದ. ತಮೇಕ್ ಎಂಬ ಬಾಯಿಬಡಕಿಯನ್ನು ಮದುವೆಯಾದ, ಹೆಣ್ಣುಮಕ್ಕಳನ್ನು ಹಡೆದ, ಮೊಮ್ಮಕ್ಕಳನ್ನು ಕತ್ತೆ ಮೇಲೆ ಕೂರಿಸಿದ. ಪ್ರತಿ ದಿನ ಮೊದಲ ಕೊಡ ಇಳಿಸುವಾಗ 'ನಮ್ಮ ದೊರೆ ಚೆನ್ನಾಗಿರಲಿ' ಎನ್ನುತ್ತಿದ್ದ. ಊರಿನವರಿಗೆ ಅದೊಂದು ತಮಾಷೆ.

"ದೊರೆಗೆ ನಿನ್ನ ಮೇಲೆ ಕರುಣೆ ಬಂದಿದ್ದಲ್ಲ ಕಣೋ," ಎನ್ನುತ್ತಿದ್ದರು. "ನಿದ್ದೆ ಕೆಟ್ಟಿತ್ತು. ನಿಮ್ಮವ್ವನ ಗಂಟಲು ಅಂಥದ್ದು."

"ಇರಬೋದು," ಎನ್ನುತ್ತಿದ್ದ ಪೆಂದುವಾ. "ನಿದ್ದೆಗಣ್ಣಲ್ಲೇ ಆದ್ರೂ ಬಿಟ್ಟನಲ್ಲ."

ಈ ವರ್ಷ ಗಿಡುಗ ಆಕಾಶಕ್ಕೆ ಹಾರಿತು. ಅಂದರೆ ದೊರೆ ಹೋದ. ಸುದ್ದಿ ಬಂದ ದಿನ ನಮ್ಮ ಊರಿನಲ್ಲಿ ಅತ್ತವರು ಕಡಿಮೆ, ಒಳಗೊಳಗೇ ನಕ್ಕವರು ಜಾಸ್ತಿ. ತಪ್ಪು ತಿಳಿಯಬೇಡಿ, ನಮ್ಮ ಕಸುಬೇ ಹಾಗೆ. ಹೊಸ ದೊರೆ ಬಂದರೆ ಹೊಸ ಸಮಾಧಿ. ಹೊಸ ಸಮಾಧಿ ಎಂದರೆ ಮಕ್ಕಳ ಕಾಲದವರೆಗೂ ಕೂಳು. ಬೀದಿಯಲ್ಲಿ ಮಡಕೆಗಟ್ಟಲೆ ಬಾರ್ಲಿ ಹೆಂಡ ಹರಿಯಿತು. ಪೆಂದುವಾ ಮಾತ್ರ ಕೊಡ ಇಳಿಸಿ ಬಾಗಿಲ ಬಳಿ ಕೂತುಬಿಟ್ಟ. ತನ್ನದೇ ಅಪ್ಪ ಎರಡನೆಯ ಸಲ ಸತ್ತ ಹಾಗೆ ಕೂತಿದ್ದ.

ದೊರೆಯ ಮೈಯನ್ನು ಉಪ್ಪಿನಲ್ಲಿ ಒಣಗಿಸಿ, ಬಟ್ಟೆ ಸುತ್ತಿ ಮುಗಿಸುವ ಹೊತ್ತಿಗೆ ಸಮಾಧಿಗೆ ಬೇಕಾದ ಸಾಮಾನು ಬೆಟ್ಟ ಹತ್ತಬೇಕು. ದೇವಸ್ಥಾನದ ಕಡೆಯಿಂದ ಓಗೊಡುವ ಬೊಂಬೆಗಳ ಪೆಟ್ಟಿಗೆಗಳು ಬಂದವು. ಹೊರಲು ಪೆಂದುವಾನ ಕತ್ತೆಗಳನ್ನೇ ಕೇಳಿದರು. ಕಣಿವೆಯ ಬಾಯಲ್ಲಿ ಕಾವಲುಕಟ್ಟೆ ಇದೆ. ಅಲ್ಲಿಂದಾಚೆ ಅವನಂಥವರು ಕಾಲಿಡುವಂತಿಲ್ಲ. ಕಟ್ಟೆಯ ಬಳಿ ಪೆಟ್ಟಿಗೆ ಇಳಿಸುವಾಗ ಕೆಲಸದವರ ಮೇಸ್ತ್ರಿ ಮಿನ್ಮೋಸೆ ಒಂದರ ಮುಚ್ಚಳ ಎತ್ತಿ, ಒಡೆದಿವೆಯೇ ಎಂದು ನೋಡಿದ. ಪೆಂದುವಾನೂ ಇಣುಕಿದ. ಗೇಣುದ್ದದ ನೀಲಿ ಬೊಂಬೆಗಳು, ಬಟ್ಟೆ ಸುತ್ತಿದ ಹೆಣದ ಹಾಗೆ ಕಾಲು ಜೋಡಿಸಿಕೊಂಡು ಒತ್ತೊತ್ತಾಗಿ ಮಲಗಿದ್ದವು. ಒಬ್ಬೊಬ್ಬನ ಎರಡು ಕೈಯಲ್ಲೂ ಗುದ್ದಲಿ, ಬೆನ್ನ ಮೇಲೆ ಬೀಜದ ಚೀಲ.

"ಮೇಸ್ತ್ರಿ, ಇಷ್ಟೊಂದು ಆಳು ದೊರೆಗೆ ಯಾಕೆ?"

"ಯಾಕೆ ಅಂದ್ರೆ? ಆಚೆ ಲೋಕದಲ್ಲೂ ಹೊಲ ಇದೆ, ಕಾಲುವೆ ಇದೆ. ದೇವರು ಹೆಸರು ಹಿಡಿದು ಕೂಗ್ತಾನೆ, ಬಾ, ಹೂಳೆತ್ತು ಅಂತ. ಆಗ ಇವರು ದೊರೆ ಬದ್ಲು 'ಇಗೋ ಬಂದೆ' ಅಂತ ಏಳ್ತಾರೆ."

"ದೊರೆ ಹೆಸರೂ ಕೂಗ್ತಾರಾ? ಬಿಟ್ಟಿ ಕೆಲಸಕ್ಕೆ?"

"ಅಲ್ಲಿ ಯಾರನ್ನೂ ಬಿಡಲ್ಲ ಮಾರಾಯ."

ಯಾವ ಕೂಗಿನಿಂದ ದೊರೆ ತನ್ನನ್ನು ಬಿಡಿಸಿದ್ದನೋ, ಅದೇ ಕೂಗು ಈಗ ದೊರೆಯ ಬಾಗಿಲಿಗೇ ಬರುತ್ತದೆ. ಪೆಂದುವಾ ಮತ್ತೆ ಪೆಟ್ಟಿಗೆಯೊಳಗೆ ನೋಡಿದ.

"ಎಲ್ಲಾ ಗುದ್ದಲಿಯೋರೇ," ಎಂದ. "ಇಷ್ಟು ಜನ ಬಿಸಿಲಲ್ಲಿ ಅಗೆಯೋಕೆ ನಿಂತ್ರೆ ನೀರು ಯಾರು ಕೊಡ್ತಾರೆ?"

ಮಿನ್ಮೋಸೆ ನಕ್ಕು ಮುಚ್ಚಳ ಹಾಕಿದ.

ನಮ್ಮಲ್ಲಿ ಬಡವರದ್ದೂ ಒಂದು ಪದ್ಧತಿ ಇದೆ. ನೀಲಿ ಬೊಂಬೆ ಮಾಡಿಸಲು ಆಗದವರು ಕಟ್ಟಿಗೆಯ ತುಂಡನ್ನು ಮನುಷ್ಯನ ಹಾಗೆ ಕೆತ್ತಿ, ಮೇಲೆ ಮಾತು ಬರೆಸಿ, ತಮಗೆ ಬೇಕಾದವರ ಸಮಾಧಿಯ ಅಂಗಳದಲ್ಲಿ ಇಡುತ್ತಾರೆ. ಅಣ್ಣನಿಗೆ ತಮ್ಮ ಇಡುತ್ತಾನೆ, ಸೋದರಮಾವನಿಗೆ ಅಳಿಯ ಇಡುತ್ತಾನೆ. ನನ್ನ ಕೈಯಿಂದ ನಿನಗೊಬ್ಬ ಆಳು ಎಂದು. ದೊರೆಗೆ ಹಾಗೆ ಇಟ್ಟವರನ್ನು ಯಾರೂ ಕಂಡಿಲ್ಲ. ಪೆಂದುವಾ ಮನೆಗೆ ಹೋದವನೇ ಮೂಲೆಯಲ್ಲಿ ಬಿದ್ದಿದ್ದ ಮುರಿದ ಅಡ್ಡೆಯನ್ನು ಎಳೆದುಕೊಂಡ. ಜಾಲಿಯ ಮರ, ಅವನ ಹೆಗಲ ಮೇಲೇ ಸವೆದು ನುಣುಪಾಗಿದ್ದದ್ದು. ಅದರಿಂದ ಒಂದು ತುಂಡು ಕೊಯ್ದು ಕೆತ್ತತೊಡಗಿದ.

ತಮೇಕ್ ರೊಟ್ಟಿ ತಟ್ಟುತ್ತ ಓರೆಗಣ್ಣಲ್ಲಿ ನೋಡಿದಳು. "ಮುಖ ನಮ್ಮ ಕತ್ತೆ ಥರಾನೇ ಬಂದಿದೆ."

"ಕಿವಿ ಸಣ್ಣ ಮಾಡ್ತೀನಿ ಇರು."

"ಕಿವಿ ಬಿಡು, ಮೂತಿ ನೋಡು. ದೊರೆ ಎದ್ದು ನೋಡಿದ್ರೆ, ನಂಗೆ ಮೇವು ಹಾಕೋ ಕೆಲಸ ಕೊಟ್ರಾ ಅಂತ ಕೇಳ್ತಾನೆ."

"ನೀರು ಹೊರೋನಿಗೆ ಮೂತಿ ಯಾಕೆ, ಹೆಗಲು ಇದ್ರೆ ಸಾಕು," ಎಂದು ಪೆಂದುವಾ ಹೆಗಲನ್ನು ಮಾತ್ರ ಬಹಳ ನಿಗಾ ಮಾಡಿ ಕೆತ್ತಿದ.

ಮಾತು ಬರೆಸಲು ನಖ್ತುವಿನ ಬಳಿ ಹೋದ. ನಖ್ತು ಸಮಾಧಿಯ ಗೋಡೆಗಳ ಮೇಲೆ ಬರೆಯುವವನು, ಪೆಂದುವಾನಿಗಿಂತ ಚಿಕ್ಕವನು. ಹೋದ ಬೇಸಿಗೆಯಲ್ಲಿ ಅವನ ಹೆಂಡತಿಗೆ ಹೆರಿಗೆ ಕಷ್ಟವಾಗಿತ್ತು. ಮನೆಯಲ್ಲಿದ್ದ ನೀರು ಮುಗಿದಿತ್ತು. ನೆತ್ತಿ ಸುಡುವ ಬಿಸಿಲಿನಲ್ಲಿ ಪೆಂದುವಾ ಅಡ್ಡೆ ಹೊತ್ತು ಓಡಿಬಂದು ನೀರು ಕೊಟ್ಟಿದ್ದ. ತಾಯಿ ಮಗು ಇಬ್ಬರೂ ಉಳಿದರು. ಅದನ್ನು ನಖ್ತು ಮರೆತಿರಲಿಲ್ಲ.

ಪೆಂದುವಾ ಬಟ್ಟೆ ಬಿಚ್ಚಿ ಬೊಂಬೆ ತೋರಿಸಿದ. "ಇದಕ್ಕೆ ಬರೆಯೋ ಮಾತು ಬರ್ಕೊಡ್ತೀಯೇನಪ್ಪಾ?"

"ಯಾಕಣ್ಣ, ಮೈಗೆ ಹುಷಾರಿಲ್ವಾ?"

ಇದು ದೊರೆಗೆ ಎನ್ನಲು ಪೆಂದುವಾನಿಗೆ ನಾಲಿಗೆ ಏಳಲಿಲ್ಲ. ಊರೆಲ್ಲ ನಗುತ್ತಾರೆ. ಮೇಸ್ತ್ರಿಯ ಕೈಗೆ ಗುಟ್ಟಾಗಿ ಕೊಟ್ಟರಾಯಿತು ಎಂದುಕೊಂಡು, ನೆಲ ನೋಡುತ್ತ ಸುಮ್ಮನಿದ್ದ. ವಯಸ್ಸಾದವರು ತಮ್ಮ ಸಾವಿನ ಸಿದ್ಧತೆಯ ಮಾತು ಬಂದರೆ ಹೀಗೇ ಕೂರುತ್ತಾರೆ. ನಖ್ತು ಮುಂದೆ ಕೇಳಲಿಲ್ಲ. ಬೊಂಬೆಗೆ ಸುಣ್ಣ ಬಳಿದು ಒಣಗಿಸಿ, ಕುತ್ತಿಗೆಯಿಂದ ಕಾಲಿನವರೆಗೆ ಕಪ್ಪು ಮಸಿಯಲ್ಲಿ ಪೂರ್ತಿ ಮಾತು ಬರೆದ. ಸಾಮಾನ್ಯವಾಗಿ ಇಂಥ ಕಟ್ಟಿಗೆ ಬೊಂಬೆಗೆ ಹೆಸರೊಂದನ್ನು ಗೀಚಿ ಕೊಡುತ್ತಾರೆ. ನಖ್ತು ದೊಡ್ಡ ಸಾಹುಕಾರನಿಗೆ ಬರೆಯುವ ಹಾಗೆ ಬರೆದ. ಹೆಗಲ ಮೇಲೆ ಅಡ್ಡೆ, ಎರಡು ಕೊಡ, ಅವನ್ನೂ ಬಿಡಿಸಿದ.

"ಇದಕ್ಕೆ ಬದಲು ಏನೂ ತರ್ಬೇಡ," ಎಂದ. "ಕೊಡೋದೆಲ್ಲ ನೀನು ಆಗ್ಲೇ ಕೊಟ್ಟಿದೀಯ."

ಪೆಂದುವಾನಿಗೆ ಓದಲು ಬರುವುದಿಲ್ಲ. ಅಕ್ಷರಗಳಾಗಿ ಸಾಲುಗಟ್ಟಿ ಕೂತ ಹಕ್ಕಿ, ಕಣ್ಣು, ನೀರಿನ ಅಲೆಗಳನ್ನು ನೋಡಿ ಕಣ್ತುಂಬಿ ಬಂತು. ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡು ಹೋದ.

ಮಣ್ಣಿನ ದಿನ ಬಂತು. ಬೆಳಗ್ಗೆ ಮೆರವಣಿಗೆ ಕಣಿವೆಯೊಳಗೆ ಹೋಯಿತು. ದೊರೆಯನ್ನು ಹೊತ್ತು ಎತ್ತುಗಳು ಎಳೆಯುವ ಗಾಲಿಯಿಲ್ಲದ ಜಾರುಬಂಡಿ, ತಲೆಗೆ ಮಣ್ಣು ಸುರಿದುಕೊಳ್ಳುವ ಹೆಂಗಸರು, ಚಿರತೆಚರ್ಮ ಹೊದ್ದ ಪೂಜಾರಿಗಳು. ಪೆಂದುವಾ ಕಾವಲುಕಟ್ಟೆಯ ಪಕ್ಕ ಮೊಣಕಾಲೂರಿ ತಲೆ ನೆಲಕ್ಕಿಟ್ಟಿದ್ದ. ಅವನಿಗೆ ಕಂಡದ್ದು ಧೂಳು ಮತ್ತು ಪಾದಗಳು. ನೆರಳು ಕುಗ್ಗಿ ಕಾಲಡಿಗೆ ಬರುವ ಹೊತ್ತಿಗೆ ದೊಡ್ಡವರೆಲ್ಲ ವಾಪಸ್ಸು ಹೋದರು. ಉಳಿದದ್ದು ನಮ್ಮವರ ಕೆಲಸ: ಬಾಗಿಲಿಗೆ ಕಲ್ಲು ಕಟ್ಟಿ ಗಾರೆ ಮೆತ್ತಬೇಕು. ಮಿನ್ಮೋಸೆ ಆಳುಗಳೊಂದಿಗೆ ಕಟ್ಟೆಯ ಬಳಿ ನಿಂತು ಗಾರೆ ಕಲಸಲು ನೀರು ಕೇಳಿದ. ಪೆಂದುವಾ ಕೊಡಗಳನ್ನು ಬಗ್ಗಿಸಿದ. ಆಮೇಲೆ ಮೇಸ್ತ್ರಿಯ ತೋಳು ಹಿಡಿದು ಪಕ್ಕಕ್ಕೆ ಕರೆದ.

"ಇದನ್ನ ಒಳಗೆ ಇಡ್ತೀರಾ? ದೊರೆಗೆ. ನನ್ನ ಕಡೆಯಿಂದ."

ಮಿನ್ಮೋಸೆ ಬಟ್ಟೆ ಬಿಚ್ಚಿದ. ಬೊಂಬೆಯ ಮುಖ ನೋಡಿ, ನಗು ತಡೆಯಲು ತುಟಿ ಕಚ್ಚಿಕೊಂಡ. ಆಮೇಲೆ ಓದಿದ. ಓದುತ್ತ ಓದುತ್ತ ಹುಬ್ಬು ಮೇಲೇರಿತು.

"ದೊರೆಗೆ ಅಂದ್ಯಾ?"

"ಹೂಂ."

"ಲೋ ಪೆಂದುವಾ, ಏನು ಬರೆದಿದೆ ಗೊತ್ತಾ ಇದ್ರಲ್ಲಿ? 'ಓ ಬೊಂಬೆಯೇ, ಪೆಂದುವಾನನ್ನು ಹೊಲದ ಕೆಲಸಕ್ಕೆ ಕರೆದರೆ, ಮರಳು ಹೊರಲು ಕರೆದರೆ, ಇಗೋ ಬಂದೆ ಎಂದು ನೀನು ಹೇಳು.' ಇದು ನಿನ್ನ ಆಳು ಕಣೋ. ದೊರೆನ ಕರೆದ್ರೆ ಇದು ಏಳಲ್ಲ, ಗೊರಕೆ ಹೊಡ್ಕೊಂಡು ಮಲಗಿರುತ್ತೆ."

ಸುತ್ತ ನಿಂತವರು ಘೊಳ್ಳೆಂದು ನಕ್ಕರು. ಗಾರೆ ಕಲಸುತ್ತಿದ್ದವನೊಬ್ಬ, "ದೊರೆ ಮನೇಲಿ ಪೆಂದುವಾಗೊಂದು ಆಳು. ಸಾಯೋ ಮೊದ್ಲೇ ಜಾಗ ಹಿಡಿದ," ಎಂದ. ಪೆಂದುವಾನ ಮುಖ ಗಾರೆಯ ಬಣ್ಣಕ್ಕೆ ತಿರುಗಿತು. ಇನ್ನು ಸ್ವಲ್ಪ ಹೊತ್ತಿಗೆ ಬಾಗಿಲು ಮುಚ್ಚುತ್ತದೆ. ಮುಚ್ಚಿದ ಮೇಲೆ ಒಂದು ಜೀವಮಾನದ ಮಾತನ್ನು ಹೇಳಲು ಬೇರೆ ದಾರಿ ಇಲ್ಲ.

ನಖ್ತು ಗುಂಪಿನಿಂದ ಮುಂದೆ ಬಂದ. ಅವನ ಮುಖವೂ ಕಂದಿತ್ತು. "ನಂಗೇನು ಗೊತ್ತಣ್ಣ? ನಿಂಗೇ ಅಂದ್ಕೊಂಡೆ. ನಿಂಗೇ ಅಂತ ಬರೆದೆ."

"ನನ್ನ ಹೆಸರು ಯಾವುದು ಇದ್ರಲ್ಲಿ?"

ನಖ್ತು ಬೆರಳಿಟ್ಟು ತೋರಿಸಿದ. ಬಾತುಕೋಳಿಯಂಥದೊಂದು ಹಕ್ಕಿ, ಅಲೆ, ಪಕ್ಕದಲ್ಲಿ ಒಂದು ನಕ್ಷತ್ರ. ಪೆಂದುವಾ ಆ ನಕ್ಷತ್ರವನ್ನು ಬಹಳ ಹೊತ್ತು ನೋಡಿದ. ಅವನ ಹೆಸರನ್ನು ಅಲ್ಲಿಯವರೆಗೆ ಯಾರೂ ಎಲ್ಲೂ ಬರೆದಿರಲಿಲ್ಲ. ಆಮೇಲೆ ಕೊಡದೊಳಗೆ ಹೆಬ್ಬೆರಳು ಅದ್ದಿದ.

"ಬೇಡಣ್ಣ," ನಖ್ತು ಅವನ ಮಣಿಕಟ್ಟು ಹಿಡಿದುಕೊಂಡ. "ಬರೆದ ಹೆಸರು ಅಳಿಸಬಾರದು. ಕಳ್ಳರ ಹೆಸರು, ದ್ರೋಹಿಗಳ ಹೆಸರು ಅಳಿಸ್ತಾರೆ. ಹೆಸರು ಹೋದ್ರೆ ಸತ್ತ ಮೇಲೂ ಇನ್ನೊಂದು ಸಾವು. ಇದನ್ನ ನೀನೇ ಇಟ್ಕೋ, ನಿನ್ನ ಸಮಾಧಿಗೆ. ಇಷ್ಟು ಪೂರ್ತಿ ಬರೆದದ್ದು ನಿಂಗೆ ಇನ್ನೆಲ್ಲಿ ಸಿಗುತ್ತೆ?"

"ನಿಜ. ಸಿಗಲ್ಲ."

"ಮತ್ತೆ? ನಾನು ಕೊಟ್ಟಿದ್ದನ್ನ ನೀರಿಗೆ ಹಾಕ್ತೀಯಾ?" ನಖ್ತುವಿನ ದನಿಯಲ್ಲಿ ನೋವಿತ್ತು. "ನನ್ನ ಹೆಂಡ್ತಿ ಮಗು ಇವತ್ತು ಇರೋದು ನಿನ್ನ ನೀರಿಂದ. ನಂಗೂ ಏನಾದ್ರೂ ಕೊಡ್ಬೇಕು ಅಂತ ಇರಲ್ವಾ?"

ಪೆಂದುವಾ ಹಿಂದೆ ಮುಂದೆ ನೋಡಿದ. ಅವನಿಗೂ ಭಯವಿತ್ತು. ಯಾರಿಗಿರುವುದಿಲ್ಲ? ಆ ಲೋಕದಲ್ಲಿ ತನ್ನ ಹೆಸರು ಕೂಗಿದಾಗ ಎದ್ದು ಹೋಗಬೇಕಾದವನು ತಾನೇ. ಈ ಮುದಿಹೆಗಲಲ್ಲಿ. ಬಗಲಲ್ಲಿರುವ ಈ ಕಟ್ಟಿಗೆಯವನೊಬ್ಬನಿದ್ದರೆ ತಾನು ನೆರಳಲ್ಲಿ ಕೂರಬಹುದು.

"ಇದೆಯಪ್ಪಾ, ಅದೇ ಇರೋದು," ಎಂದ ಕೊನೆಗೆ. "ನಿಂಗೆ ಕೊಡ್ಬೇಕು ಅನ್ಸಿದ ಹಾಗೆ ನಂಗೂ ಅನ್ಸಿದೆ. ಅವತ್ತು ಸಾಲಿಂದ ದೊರೆ ನನ್ನ ಬಿಡಿಸ್ದೇ ಇದ್ದಿದ್ರೆ, ನಿನ್ನ ಬಾಗಿಲಿಗೆ ನೀರು ತರೋಕೆ ನಾನೆಲ್ಲಿರ್ತಿದ್ದೆ? ನೀನು ಕೊಟ್ಟಿದ್ದನ್ನ ನೀರಿಗೆ ಹಾಕ್ತಿಲ್ಲ. ನೀನು ಕೊಟ್ಟಿದ್ದನ್ನೇ ನಾನು ಕೊಡ್ತಿದೀನಿ. ನನ್ನ ಹತ್ರ ಕೊಡೋಕೆ ಬೇರೆ ಏನಿದೆ ಹೇಳು."

"ಹೆಸರು?"

"ಹೆಸರು ಇಟ್ಟೋಳು ನಮ್ಮವ್ವ. ಅವಳು ಕೂಗಿದ್ದು ದೋಣಿವರೆಗೂ ಕೇಳಿಸ್ತು. ಆಚೆ ಲೋಕಕ್ಕೆ ಕೇಳ್ಸಲ್ವಾ?"

ಮಿನ್ಮೋಸೆ ಫಕ್ಕನೆ ನಕ್ಕ. ನಖ್ತು ಕೈ ಬಿಟ್ಟ. ಪೆಂದುವಾ ಒದ್ದೆ ಹೆಬ್ಬೆರಳಿನಿಂದ ಹಕ್ಕಿಯನ್ನು ಉಜ್ಜಿದ, ಅಲೆಯನ್ನು ಉಜ್ಜಿದ, ನಕ್ಷತ್ರದ ಹತ್ತಿರ ಒಮ್ಮೆ ನಿಂತು ಅದನ್ನೂ ಉಜ್ಜಿದ. ಆ ಜಾಗದಲ್ಲಿ ಮೋಡ ಕವಿದಂಥ ಒಂದು ಬೂದು ಕಲೆ ಉಳಿಯಿತು.

ನಖ್ತು ಕಲ್ಲಿನ ಮೇಲೆ ಕೂತು ಮಸಿ ಕಲಸಿದ. ದೊರೆಗಳ ಹೆಸರಿಗೆ ಮಾತ್ರ ಸುತ್ತುವ ಹಗ್ಗದ ಉಂಗುರ ಬರೆದು, ಅದರೊಳಗೆ ದೊರೆಯ ಹೆಸರು ಬರೆದ. ವರ್ಷಗಟ್ಟಲೆ ಗೋಡೆಗಳ ಮೇಲೆ ಬರೆದ ಹೆಸರು, ಕೈ ಎಲ್ಲೂ ತಡೆಯಲಿಲ್ಲ. ಒಣಗಲು ಊದಿದ. ಆಮೇಲೆ ಯಾರೂ ಹೇಳದಿದ್ದರೂ ಬೊಂಬೆಯನ್ನು ತಲೆಕೆಳಗು ಮಾಡಿ, ಅಂಗಾಲಿನ ಬೆರಳಗಲದ ಜಾಗದಲ್ಲಿ ಕುಂಚದ ತುದಿಯಿಂದ ಇನ್ನೇನೋ ಬರೆದ.

"ಅದೇನು?" ಎಂದ ಪೆಂದುವಾ.

"ಕೊಟ್ಟೋನು ಯಾರು ಅಂತ. ದೊರೆಗೆ ಗೊತ್ತಾಗೋದು ಬೇಡ್ವಾ? ಇದನ್ನೂ ಉಜ್ಜೋಕೆ ಬಂದ್ರೆ ಕೈ ಮುರಿತೀನಿ."

ಮಿನ್ಮೋಸೆ ಬೊಂಬೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. "ಅಲ್ಲಯ್ಯಾ, ಬಾಗಿಲ ಗಾರೆ ಪೂರ್ತಿ ನಿನ್ನ ನೀರೇ. ಅಷ್ಟು ಸಾಲಲ್ವಾ ನಿಂಗೆ?" ಎಂದ.

"ಅದು ಒಣಗಿ ಹೋಗುತ್ತೆ ಮೇಸ್ತ್ರಿ. ಒಳಗೆ ಒಬ್ಬ ಬೇಕು."

ಅವರು ಕಣಿವೆಯ ತಿರುವಿನಲ್ಲಿ ಮರೆಯಾದರು. ಪೆಂದುವಾ ಕಟ್ಟೆಯ ಬಳಿ ಕಾದ. ಅಲ್ಲಿ ಕಾವಲಿಗಿದ್ದವನು ತುತು ಎಂಬ ಒಂದು ಹಲ್ಲಿನ ಮುದುಕ. ಈರುಳ್ಳಿ ಕಚ್ಚುತ್ತ, "ಇಡ್ತಾನೋ, ದಾರಿಲಿ ಎಸೀತಾನೋ," ಎಂದು ಚುಡಾಯಿಸಿದ. ಒಳಗಿನಿಂದ ಕಲ್ಲಿಗೆ ಕಲ್ಲು ತಾಗುವ ಸದ್ದು ಬರುತ್ತಿತ್ತು. ಆಮೇಲೆ ಅದೂ ನಿಂತಿತು.

ಬೆಟ್ಟದ ನೆರಳು ಕಣಿವೆಯ ಈಚೆ ಬದಿಗೆ ಏರುವಾಗ ಎಲ್ಲರೂ ಹೊರಬಂದರು. ರೆಪ್ಪೆಯ ಮೇಲೆಲ್ಲ ಗಾರೆ, ಗಂಟಲಲ್ಲಿ ಧೂಳು. ಮಾತಿಗೆ ಮೊದಲು ಬೋಗುಣಿಗೆ ಕೈ ಚಾಚಿದರು. ಪೆಂದುವಾ ಒಬ್ಬೊಬ್ಬರಿಗೂ ಸುರಿದ. ಮಿನ್ಮೋಸೆ ಕುಡಿದು, ಬಾಯಿ ಒರೆಸಿಕೊಂಡು, ಅವನ ಕಣ್ಣು ನೋಡಿದ.

"ಪೆಟ್ಟಿಗೆಗಳಿಗೆ ಪೂಜಾರಿಗಳು ಮುದ್ರೆ ಒತ್ತಿಬಿಟ್ಟಿದ್ರು. ನೀಲಿಯೋರ ಜೊತೆ ಹಾಕೋಕೆ ಆಗ್ಲಿಲ್ಲ."

ಪೆಂದುವಾ ಸುರಿಯುವುದನ್ನು ನಿಲ್ಲಿಸಿ ಕೊಡ ಕೆಳಗಿಟ್ಟ.

"ಪೂರ್ತಿ ಕೇಳು. ಹೊಸ್ತಿಲ ಒಳಗೆ ಗೋಡೆಗೆ ಒರಗಿಸಿ ನಿಲ್ಸಿದೀನಿ. ಮಲಗ್ಸಿಲ್ಲ, ನಿಂತಿದಾನೆ. ಬೇರೆಯೋರು ಮುಚ್ಚಳ ತಳ್ಳಿ, ಮೈಮುರಿದು ಏಳ್ಬೇಕು. ಇವನಿಗೆ ಅದೇನೂ ಇಲ್ಲ. ದೊರೆ ಹೆಸರು ಕೂಗಿದ ತಕ್ಷಣ ಮೊದ್ಲು 'ಇಗೋ ಬಂದೆ' ಅನ್ನೋನು ನಿನ್ನ ಕತ್ತೆಮೂತಿಯೋನೇ."

ಪೆಂದುವಾ ಮೇಸ್ತ್ರಿಯ ಗಾರೆ ಮೆತ್ತಿದ ಕೈಯನ್ನು ಎತ್ತಿ ತನ್ನ ಹಣೆಗೆ ಒತ್ತಿಕೊಂಡ. ನಖ್ತುವಿನ ಕೈಯನ್ನೂ ಹಾಗೇ ಒತ್ತಿಕೊಂಡ. ನಖ್ತು, "ಸಾಕು ಬಿಡಣ್ಣ, ಎಲ್ರೂ ನೋಡ್ತಾ ಇದಾರೆ," ಎಂದು ಮುಖ ತಿರುಗಿಸಿದ. ಆಮೇಲೆ ಅವರೆಲ್ಲ ಊರ ಕಡೆ ಇಳಿದರು, ಹೊಸ ದೊರೆ ಯಾವ ಬೆಟ್ಟ ಆರಿಸುತ್ತಾನೋ ಎಂದು ಜಗಳವಾಡುತ್ತ.

ಪೆಂದುವಾ ಕೊಡ ಬಗ್ಗಿಸಿ ನೋಡಿದ. ಗಾರೆಗೆ ಹೋದದ್ದು ಹೋಗಿ, ಕುಡಿದದ್ದು ಕುಡಿದು, ತಳದಲ್ಲಿ ಹನಿ ಇರಲಿಲ್ಲ. ಕಾವಲಿನ ತುತು ಖಾಲಿ ಬೋಗುಣಿ ಹಿಡಿದು ನಿಂತಿದ್ದ.

"ಹೋಗ್ಲಿ ಬಿಡು," ಎಂದ ಮುದುಕ. "ಹೊತ್ತು ಇಳೀತು. ನಾಳೆ ತಂದ್ರಾಯ್ತು. ಈರುಳ್ಳಿ ತಿಂದಿದೀನಿ, ರಸ ಇದೆ."

"ನಾಳೆದು ನಾಳೆಗೆ."

ಪೆಂದುವಾ ಕತ್ತೆಯನ್ನು ತಿರುಗಿಸಿದ. ಗುಡ್ಡ ಇಳಿದು, ಮರಳು ದಾಟಿ, ಹೊಲ ದಾಟಿ ನದಿಗೆ ಹೋದ. ಕೊಡ ತುಂಬಿಸಿ ಅದೇ ದಾರಿಯಲ್ಲಿ ಮತ್ತೆ ಹತ್ತಿದ. ಅವನು ಬರುವಾಗ ಪಶ್ಚಿಮದಲ್ಲಿ ಇನ್ನೂ ಒಂದಿಷ್ಟು ಕೆಂಪು ಇತ್ತು. ತುತು ಕಟ್ಟೆಗೊರಗಿ ತೂಕಡಿಸುತ್ತಿದ್ದ. ಪೆಂದುವಾ ಅವನನ್ನು ಎಬ್ಬಿಸಿ ಬೋಗುಣಿ ತುಂಬಿ ಕೊಟ್ಟ. ಮುದುಕ ಗಟಗಟನೆ ಕುಡಿದು ಇನ್ನೊಂದು ಕೇಳಿದ. ಅದನ್ನೂ ಕೊಟ್ಟ. ಅವನು ಕುಡಿದು ಮುಗಿಸುವವರೆಗೆ ಪಕ್ಕದಲ್ಲೇ ನಿಂತಿದ್ದು, ಬೋಗುಣಿ ಇಸಿದುಕೊಂಡು, ಕೊಡದ ಬಾಯಿಗೆ ಬೋರಲು ಹಾಕಿ ಮನೆಗೆ ಹೋದ.